ಹಳೇ ವಿಂಚೆಸ್ಟರ್ ಸಿಂಗಲ್ ಶಾಟ್‌ಗೆ ಯಾವ ಕ್ಯಾಲಿಬರ್ ಹಾಕಿಸಲಿ? ನಳಿಗೆ ಹೋಗಿದೆ, ಮಿಕ್ಕಿದ್ದೆಲ್ಲ ಗಟ್ಟಿ

ಒಹಾಯೋ_ಹಾಸನ

ನಮಸ್ಕಾರ. ಒಂದು ಹಳೇ ಕೋವಿ ಕೈಗೆ ಬಂದಿದೆ. ಅದಕ್ಕೆ ಯಾವ ಕ್ಯಾಲಿಬರ್ (ಗುಂಡು, ತೋಟಾದ ಅಳತೆ) ಹಾಕಿಸಲಿ ಅಂತ ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ. ಬಲ್ಲವರು ಹೇಳಿ.

ಪಕ್ಕದ ಮನೆಯ ಅಜ್ಜ ಮನೆ ಮಾರಿ ಮಗಳ ಊರಿಗೆ ಹೊರಟರು. ಗ್ಯಾರೇಜ್ ಖಾಲಿ ಮಾಡಲು ನಾನೂ ಕೈ ಹಾಕಿದೆ. ತೊಲೆಗೆ ಎರಡು ಮೊಳೆ ಹೊಡೆದು ಅದರ ಮೇಲೆ ಕೋವಿ ಮಲಗಿಸಿದ್ದರು. ಬೆರಳು ದಪ್ಪ ಧೂಳು. "ನಮ್ಮ ತಾತಂದು. ನೀನು ರೇಂಜಿಗೆ ಹೋಗುವವನಲ್ಲವಾ, ನೀನೇ ಇಟ್ಟುಕೋ" ಅಂದರು. ಪುಕ್ಕಟೆ ಬೇಡ ಅಂತ 400 ಡಾಲರ್ ಕೈಗಿಟ್ಟೆ. ಮನೆಗೆ ತಂದು ಧೂಳು ಒರೆಸಿದ ಮೇಲೆ ಗೊತ್ತಾಯಿತು, ಇದು 1885 ಮಾದರಿಯ ವಿಂಚೆಸ್ಟರ್ ಸಿಂಗಲ್ ಶಾಟ್. ಹೈ ವಾಲ್, ಅಂದರೆ ಯಂತ್ರದ ಎರಡು ಬದಿಯ ಗೋಡೆ ಎತ್ತರ ಇರುವಂಥದ್ದು. ಸೀರಿಯಲ್ ನಂಬರ್ ನೋಡಿದರೆ 1898ಕ್ಕಿಂತ ಹಿಂದಿನದು. 30 ಇಂಚಿನ ಎಂಟು ಮೂಲೆಯ ನಳಿಗೆ. ಮೇಲೆ .32-40 ಅಂತ ಕೆತ್ತಿದೆ.

ಕೆಳಗಿನ ಲಿವರ್ ಎಳೆದರೆ ಬ್ರೀಚ್ ಬ್ಲಾಕ್ (ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು) ಬಾವಿಗೆ ಕೊಡ ಇಳಿದ ಹಾಗೆ ಸೊಯ್ಯನೆ ಕೆಳಗೆ ಇಳಿಯುತ್ತದೆ. ಮೇಲೆ ತಂದರೆ ಟಕ್ ಅಂತ ಕೂರುತ್ತದೆ. ಈ ಯಂತ್ರಕ್ಕೆ ಏನೂ ಆಗಿಲ್ಲ. ಹೋಗಿರುವುದು ನಳಿಗೆಯ ಒಳಗಡೆ. ಲೈಟು ಬಿಟ್ಟು ನೋಡಿದರೆ ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳದ ಹಾಗಿದೆ. ಐವತ್ತು ಗಜಕ್ಕೆ ಐದು ಹೊಡೆದೆ. ಎರಡು ಗುಂಡು ಅಡ್ಡಡ್ಡ ಹೋಗಿ ಕಾಗದದಲ್ಲಿ ಉದ್ದುದ್ದ ತೂತು ಮಾಡಿದವು. ಒಂದು ಕಾಗದಕ್ಕೇ ತಾಗಲಿಲ್ಲ.

ಒಳಗೆ ಹೊಸ ಕೊಳವೆ ತೂರಿಸಿ .32-40 ಆಗಿಯೇ ಉಳಿಸಬಹುದು. ಅಥವಾ ಇದೇ ನಳಿಗೆಯನ್ನು ಅಗಲ ಕೊರೆಸಿ .38-55 ಮಾಡಬಹುದು. ಅಥವಾ ಇದನ್ನು ಬಿಚ್ಚಿಟ್ಟು ಹೊಸ ನಳಿಗೆಯನ್ನೇ ಹಾಕಿಸಬಹುದು, ಆಗ .45-70ನಿಂದ ಹಿಡಿದು ಏನು ಬೇಕಾದರೂ ಆದೀತು. ರೇಂಜಿನ ಗೆಳೆಯನೊಬ್ಬ .223 ಹಾಕಿಸು, ತೋಟಾ ಅಗ್ಗ ಅಂತಾನೆ. ನನ್ನ ಉಪಯೋಗ ಇಷ್ಟೇ: ಭಾನುವಾರ ನೂರು ಇನ್ನೂರು ಗಜಕ್ಕೆ ಕಾಗದ, ವರ್ಷಕ್ಕೊಂದು ಜಿಂಕೆ.

ಸುಮ್ನೆ_ಓದುವವಳು

ಈ .32-40, .38-55 ಅಂದರೆ ಏನು ಸಾರ್? ಗುಣಾಕಾರದ ಮಗ್ಗಿ ಥರ ಇದೆ.

ಒಹಾಯೋ_ಹಾಸನ

ಹ್ಹಹ್ಹ. ಮೊದಲ ಅಂಕಿ ಗುಂಡಿನ ದಪ್ಪ, ಇಂಚಿನ ನೂರರ ಲೆಕ್ಕದಲ್ಲಿ. ಎರಡನೆಯದು ಆ ಕಾಲದಲ್ಲಿ ತುಂಬುತ್ತಿದ್ದ ಕಪ್ಪು ಮದ್ದಿನ ತೂಕ, ಗ್ರೇನ್‌ಗಳಲ್ಲಿ. ನಲವತ್ತು ಗ್ರೇನ್ ಅಂದರೆ ಎರಡೂವರೆ ಗ್ರಾಂ ಚಿಲ್ಲರೆ. ಅಂಗಡಿಯವನು ಪೊಟ್ಟಣದ ಮೇಲೆ ಬರೆದ ಹಾಗೆ ನೇರ ಲೆಕ್ಕ. ಆಮೇಲೆ ಹೊಗೆಯಿಲ್ಲದ ಮದ್ದು ಬಂತು, ಲೆಕ್ಕ ಹೋಯಿತು, ಹೆಸರು ಉಳಿಯಿತು.

ಲೇತ್_ಮಾವ

ಕ್ಯಾಲಿಬರ್ ಆಮೇಲೆ. ಮೊದಲು ಅಳತೆ ತೆಗೆಯಪ್ಪ. ನಾನು ಟೂಲ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿದವನು. ಬರುವವರೆಲ್ಲ ಏನು ಮಾಡಲಿ ಅಂತ ಕೇಳುತ್ತಾರೆ, ಏನಿದೆ ಅಂತ ಹೇಳುವುದಿಲ್ಲ.

ಮೂರು ವಿಷಯ ಹೇಳು. ನಳಿಗೆಯ ಗುಳಿಗಳು ಎಲ್ಲಿವೆ, ಪೂರ್ತಿ ಉದ್ದಕ್ಕೋ, ತೋಟಾ ಕೂರುವ ಚೇಂಬರಿನಲ್ಲೂ ಇವೆಯೋ? ಬ್ರೀಚ್ ಬ್ಲಾಕಿನ ಮುಖದಲ್ಲಿ ಫೈರಿಂಗ್ ಪಿನ್ನಿನ ತೂತು ಎಷ್ಟು ದೊಡ್ಡದು, ಸುತ್ತ ಸವೆದಿದೆಯೋ? ಬ್ಲಾಕ್ ಮೇಲೆ ಕೂತಾಗ ಹಿಂದೆ ಮುಂದೆ ಅಲ್ಲಾಡುತ್ತದೆಯೋ?

ಚೇಂಬರ್ ಅಳೆಯಲು ಸೆರೋಸೇಫ್ ಅಂತ ಒಂದು ಲೋಹ ಸಿಗುತ್ತದೆ. ಕುದಿಯುವ ನೀರಿಗಿಂತ ಕಡಿಮೆ ಬಿಸಿಗೇ ಕರಗುತ್ತದೆ. ಚೇಂಬರಿನಿಂದ ಒಂದು ಇಂಚು ಮುಂದೆ ನಳಿಗೆಯೊಳಗೆ ಬಟ್ಟೆ ತುರುಕಿ ಹಿಂದಿನಿಂದ ಹೊಯ್ಯಿ. ಗಟ್ಟಿಯಾದ ಮೇಲೆ ಮುಂದಿನಿಂದ ಮರದ ಕಡ್ಡಿಯಲ್ಲಿ ಮೆಲ್ಲಗೆ ತಳ್ಳು. ಆತುರಪಟ್ಟು ಆಗಲೇ ಅಳೆಯಬೇಡ. ಮೊದಲು ಸ್ವಲ್ಪ ಕುಗ್ಗುತ್ತದೆ, ಸುಮಾರು ಒಂದು ಗಂಟೆಗೆ ಚೇಂಬರಿನ ನಿಜವಾದ ಅಳತೆಗೆ ಬರುತ್ತದೆ, ಆಮೇಲೆ ಇನ್ನೂ ಹಿಗ್ಗುತ್ತದೆ. ಟೀ ಕುಡಿದು ಬಂದು ಅಳೆ.

ನಳಿಗೆಗೆ ಮೆತ್ತನೆ ಸೀಸದ ಗುಂಡು ಸಾಕು. ಎಣ್ಣೆ ಹಚ್ಚಿ ಈ ತುದಿಯಿಂದ ಆ ತುದಿಗೆ ಹಿತ್ತಾಳೆ ಕಡ್ಡಿಯಲ್ಲಿ ತಳ್ಳು. ಕೈಗೆ ಗೊತ್ತಾಗುತ್ತದೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ. ಅದರ ಮೇಲೆ ಬಿದ್ದ ಗೀರಿಗೆ ಮೈಕ್ರೋಮೀಟರ್ ಇಡು.

ವೇಗದ_ವೆಂಕ

ಇಷ್ಟೆಲ್ಲ ಯಾಕೆ ಗುರು? ಹೊಸ ನಳಿಗೆ, .223, ಮುಗೀತು. ಯಾವ ಅಂಗಡಿಗೆ ಹೋದರೂ ತೋಟಾ ಸಿಗುತ್ತೆ. .38-55 ಡಬ್ಬಿ ಹುಡುಕಿಕೊಂಡು ಹೋದರೆ ಕೌಂಟರಿನ ಹುಡುಗ ನಿನ್ನ ಮುಖ ನೋಡ್ತಾನೆ. ಗುಂಡಿನ ದಾರಿಯೂ ನೇರ. ನಿನ್ನ .38ದು ಇನ್ನೂರು ಗಜಕ್ಕೆ ಮಾವಿನಕಾಯಿಗೆ ಕಲ್ಲು ಎಸೆದ ಹಾಗೆ ಹೋಗುತ್ತೆ.

ಮೊಂಟಾನಾ_ಮಂಜ

ವೆಂಕ, ನಾನು ಆ ದಾರಿಯಲ್ಲೇ ಹೋಗಿ ಮುಖ ಸುಟ್ಟುಕೊಂಡವನು. ಅಕ್ಷರಶಃ.

ನಂದು ಲೋ ವಾಲ್. ಅದರ ಗೋಡೆ ತಗ್ಗು, ಸಣ್ಣ ತೋಟಾಗಳಿಗೆ ಅಂತಲೇ ಮಾಡಿದ್ದು. ಮೊದಲು .25-20 ಇತ್ತು. ಅದಕ್ಕೆ .22 ಹಾರ್ನೆಟ್ ಹಾಕಿಸಿದೆ. 1930ರ ದಶಕದಿಂದಲೂ ಇಲ್ಲಿ ಲೋ ವಾಲಿಗೆ ಹಾರ್ನೆಟ್ ಹಾಕಿಸುವ ಚಾಳಿ ಇದೆ. ಎಷ್ಟೋ ಜನರದ್ದು ಚೆನ್ನಾಗಿಯೇ ಓಡುತ್ತಿವೆ. ನಾನು ಕೊಟ್ಟ ಗನ್‌ಸ್ಮಿತ್ ನಳಿಗೆ ಚೆನ್ನಾಗಿಯೇ ಕೂರಿಸಿದ. ಆದರೆ ಬ್ರೀಚ್ ಬ್ಲಾಕ್ ಮುಟ್ಟಲೇ ಇಲ್ಲ. ಹಳೇ ಬ್ಲಾಕಿನಲ್ಲಿ ಪಿನ್ನು ದಪ್ಪ, ಅದರ ತೂತು ದೊಡ್ಡದು. ಕಪ್ಪು ಮದ್ದಿನ ಕಾಲಕ್ಕೆ ಅದು ಸರಿ. ಹಾರ್ನೆಟ್ಟಿನ ಒತ್ತಡಕ್ಕೆ ಅಲ್ಲ. ಪ್ರೈಮರಿನ (ತೋಟಾ ಬುಡದಲ್ಲಿ ಕಿಡಿ ಹತ್ತಿಸುವ ಕೇಪಿನ) ತಗಡು ಆ ತೂತಿನೊಳಗೆ ಉಬ್ಬಿ ಹರಿಯಿತು. ಹನ್ನೊಂದನೇ ಗುಂಡಿಗೆ ಬಿಸಿ ಗಾಳಿ ಹಿಂದಕ್ಕೆ ನುಗ್ಗಿತು. ಕನ್ನಡಕ ಇತ್ತು, ಕಣ್ಣು ಉಳಿಯಿತು. ಹುಬ್ಬು ಅರ್ಧ ಹೋಯಿತು. ಹೆಂಡತಿ ಮೂರು ದಿನ ನಕ್ಕಳು, ನಾಲ್ಕನೇ ದಿನ ಬೈದಳು.

ಆಮೇಲೆ ಬೇರೆಯವನ ಹತ್ತಿರ ಬ್ಲಾಕಿನ ತೂತಿಗೆ ಬುಷ್ (ಲೋಹದ ತುಂಡು) ಹಾಕಿಸಿ, ಸಣ್ಣ ತೂತು ಕೊರೆಸಿ, ಸಣ್ಣ ಪಿನ್ನು ಮಾಡಿಸಿದೆ. ಈಗ ಸರಿ ಇದೆ. ಹಾಸನದವರೇ, ಏನೇ ಹಾಕಿಸಿ, ಬ್ಲಾಕಿನ ತೂತು ಮರೆಯಬೇಡಿ.

ಲೇತ್_ಮಾವ

ಮಂಜ ಹೇಳಿದ್ದನ್ನು ಎರಡು ಸಲ ಓದಿ.

ಒಂದು ಲೆಕ್ಕ ಹಾಕಿ ನೋಡಿದೆ. ತೋಟಾ ಸಿಡಿದಾಗ ಬ್ರೀಚ್ ಬ್ಲಾಕಿನ ಮೇಲೆ ಬೀಳುವ ಒದೆ ಅಂದರೆ ಒಳಗಿನ ಒತ್ತಡ ಗುಣಿಸು ತೋಟಾ ಬುಡದ ವಿಸ್ತೀರ್ಣ. .38-55ರ ಬುಡ .421 ಇಂಚು. ಗರಿಷ್ಠ ಒತ್ತಡ ಚದರ ಇಂಚಿಗೆ 30,000 ಪೌಂಡ್ ಲೆಕ್ಕ. ಒದೆ ಸುಮಾರು 4,200 ಪೌಂಡ್. .45-70ರ ಒತ್ತಡ 28,000, ಅದಕ್ಕಿಂತ ಕಡಿಮೆಯೇ. ಆದರೆ ಬುಡ .505 ಇಂಚು ದಪ್ಪ. ಒದೆ 5,600 ಪೌಂಡ್! .223ರ ಬುಡ ಬರೀ .376. ಒತ್ತಡ 55,000. ಒದೆ 6,100. ಒತ್ತಡ ಅಳೆಯುವ ಪದ್ಧತಿ ಎಲ್ಲಕ್ಕೂ ಒಂದೇ ಅಲ್ಲ, ತೋಟಾ ಗೋಡೆಯ ದಪ್ಪವನ್ನೂ ಬಿಟ್ಟಿದ್ದೇನೆ. ಅಂದಾಜಿಗೆ ಸಾಕು.

ಅಂದರೆ ಬರೀ ಒದೆ ನೋಡಿದರೆ .223ಕ್ಕೂ .45-70ಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇಲ್ಲ. ನನಗೇ ಆಶ್ಚರ್ಯ ಆಯಿತು. ಹೈ ವಾಲ್ ಗಟ್ಟಿಯ ಯಂತ್ರ, ಅದರಲ್ಲಿ ಅನುಮಾನ ಇಲ್ಲ. ಹೊಗೆಯಿಲ್ಲದ ಮದ್ದಿನ .30-40 ಕ್ರಾಗ್ ಬಂದಾಗ ವಿಂಚೆಸ್ಟರಿನವರು ಈ ಯಂತ್ರಕ್ಕೇ ಹಾಕಿ ಮಾರಿದರು. ತಕರಾರು ಇರುವುದು ಎರಡು ಕಡೆ. 55,000ದಲ್ಲಿ ಪ್ರೈಮರ್ ತೂತಾದರೆ ಅಥವಾ ತೋಟಾ ಬುಡ ಸೀಳಿದರೆ ಆ ಗಾಳಿ ನಿನ್ನ ಮುಖಕ್ಕೇ ಬರುವುದು. ಎರಡನೆಯದು, 1890ರ ಹಿಂದುಮುಂದಿನ ಕಬ್ಬಿಣ ಮೆತ್ತಗಿನದು, ಮೇಲ್ಮೈಗೆ ಮಾತ್ರ ಗಡಸು ಕೊಟ್ಟಿದ್ದು. ಅದು ಒಂದೇ ದಿನಕ್ಕೆ ಒಡೆಯುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ತಗ್ಗುತ್ತದೆ. ಬ್ಲಾಕ್ ಸಡಿಲಾಗುತ್ತದೆ, ತೋಟಾ ಹಿಂದಕ್ಕೆ ಸರಿಯಲು ಜಾಗ ಸಿಗುತ್ತದೆ.

ಇನ್ನೊಂದು. .223ಕ್ಕೆ ಹೊರಚಾಚಿದ ಅಂಚು ಇಲ್ಲ. ನಿನ್ನ ಕೋವಿಯಲ್ಲಿ ಖಾಲಿ ತೋಟಾ ಹೊರಗೆ ತೆಗೆಯುವ ಎಕ್ಸ್‌ಟ್ರಾಕ್ಟರ್ ಅಂಚಿಗೆ ಉಗುರು ಹಾಕಿ ಎಳೆಯುವಂಥದ್ದು. ಅಂಚೇ ಇಲ್ಲದ್ದನ್ನು ಎಳೆಯಲು ಸ್ಪ್ರಿಂಗ್ ಇಟ್ಟು ಬೇರೆ ಮಾಡಬೇಕು. ಮಾಡಬಹುದು. ಯಾಕೆ ಮಾಡಬೇಕು ಅಂತ.

ವೇಗದ_ವೆಂಕ

ಸರಿ ಮಾವ, ಬಿಟ್ಟೆ. ಆದರೂ ತೋಟಾ ಎಲ್ಲಿ ಸಿಗುತ್ತೆ ಅನ್ನೋದು ದೊಡ್ಡ ಪ್ರಶ್ನೆಯೇ.

ತುಂಗಾ_ಟೆಕ್ಸಾಸ್

ಶಿವಮೊಗ್ಗದವಳು, ಈಗ ಆಸ್ಟಿನ್ ಹತ್ತಿರ. ಆರು ವರ್ಷದಿಂದ ಕಪ್ಪು ಮದ್ದಿನ ಸಿಲೂಎಟ್ ಸ್ಪರ್ಧೆ ಆಡುತ್ತಿದ್ದೇನೆ. ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಕೋಳಿ 200 ಮೀಟರಿಗೆ, ಹಂದಿ 300ಕ್ಕೆ, ಟರ್ಕಿ 385ಕ್ಕೆ, ಟಗರು 500ಕ್ಕೆ. ಹೊಡೆದರೆ ಸಾಲದು, ಬೀಳಿಸಬೇಕು.

ನಂದು .45-70ರಲ್ಲಿ ಶುರುವಾಯಿತು. ದಿನಕ್ಕೆ ಅರವತ್ತು ಎಪ್ಪತ್ತು ಗುಂಡು ಹೊಡೆದರೆ ಭುಜ ಹಲಸಿನಹಣ್ಣು ಬಿದ್ದ ಹಾಗಾಗುತ್ತೆ. ಈಗ .40-65. ಟಗರು ಬೀಳುತ್ತೆ, ನಾನು ಬೀಳಲ್ಲ. ಆದರೆ ಹಾಸನದವರೇ, ನಿಮಗೆ ಐನೂರು ಮೀಟರಿನ ಟಗರು ಇಲ್ವಲ್ಲ. ಇನ್ನೂರು ಗಜಕ್ಕೆ .45-70 ಹಾಕಿಸೋದು ಸೊಳ್ಳೆಗೆ ಒನಕೆ ಎತ್ತಿದ ಹಾಗೆ.

ನಿಜ ಹೇಳ್ತೀನಿ, ನಾನಾಗಿದ್ದರೆ .32-40 ಬಿಡ್ತಿರಲಿಲ್ಲ. ಇನ್ನೂರು ಗಜಕ್ಕೆ ನಿಂತು ಹೊಡೆಯುವ ಶ್ಯೂಟ್ಸೆನ್ ಸ್ಪರ್ಧೆ ಅಮೆರಿಕದ ಜರ್ಮನ್ ಮನೆತನಗಳ ಹಬ್ಬ. ಅವರ ಅಚ್ಚುಮೆಚ್ಚಿನ ತೋಟಾ ಇದು. 1901ರಲ್ಲಿ ಹ್ಯಾರಿ ಪೋಪ್ ಮಾಡಿದ .32-40 ನಳಿಗೆಯಲ್ಲಿ ರೋಲಂಡ್ ಅನ್ನುವವರು ಇನ್ನೂರು ಗಜಕ್ಕೆ ಹತ್ತು ಗುಂಡನ್ನು ಮುಕ್ಕಾಲು ಇಂಚಿನೊಳಗೆ ಕೂರಿಸಿದ್ದರು. ಕೋವಿಯನ್ನು ಆಸರೆಗೆ ಇಟ್ಟು ಹೊಡೆದದ್ದೇ, ಆದರೂ ನೂರಿಪ್ಪತ್ತು ವರ್ಷದ ಹಿಂದೆ! ತೋಟಾ ಸಿಗದಿದ್ದರೆ .38-55ರ ಹಿತ್ತಾಳೆಯನ್ನೇ ಡೈಯಲ್ಲಿ ಒತ್ತಿ ಕತ್ತು ಸಣ್ಣ ಮಾಡಿಕೊಳ್ಳಬಹುದು. ಎರಡಕ್ಕೂ ಬುಡ ಒಂದೇ.

ಹಳೇದೇ_ಚಂದ

ನನ್ನ ಮಾತು ಯಾರಿಗೂ ಇಷ್ಟ ಆಗಲ್ಲ. ಏನೂ ಮಾಡಬೇಡಿ. ಗೋಡೆಗೆ ಹಾಕಿ. ಈ ಮಾದರಿ 1885ರಿಂದ 1920ರವರೆಗೆ ಒಂದೂವರೆ ಲಕ್ಷವೂ ಬರಲಿಲ್ಲ, ಸುಮಾರು 1,40,000 ಅಷ್ಟೇ. ಪ್ರತಿಯೊಬ್ಬನೂ ಒಂದೊಂದು ಕೊರೆಸಿದರೆ ಉಳಿಯೋದೇನು? ಕೊರೆಸಿದ ಕೋವಿಗೆ ಸಂಗ್ರಹಕಾರ ಅರ್ಧ ಬೆಲೆಯೂ ಕೊಡಲ್ಲ. ತೀರಾ ಹೊಡೆಯಲೇಬೇಕು ಅಂದರೆ ಒಳಗೆ ಕೊಳವೆ ಹಾಕಿಸಿ. ಹೊರಗಿನಿಂದ ಎಲ್ಲ ಮೊದಲಿದ್ದ ಹಾಗೇ ಇರುತ್ತೆ.

ಮೊಂಟಾನಾ_ಮಂಜ

ಅಜ್ಜನ ಗ್ಯಾರೇಜಿನ ಮೊಳೆಯಿಂದ ಇವರ ಮನೆಯ ಮೊಳೆಗೆ. ಕೋವಿಗೆ ಏನು ಸುಖ?

ಕೊಡಗಿನ_ಕೋವಿ

ಚರ್ಚೆ ಓದಿ ಖುಷಿಯಾಯಿತು. ಈಚೆ ದಡದ ಒಂದು ಮಾತು.

ಕ್ಯಾಲಿಬರ್ ಆರಿಸುವುದು ಅಂದರೆ ನಿಮಗೆ ಗುರಿಯ ವಿಷಯ. ನಮ್ಮ ದೇಶದಲ್ಲಿ ಮೊದಲಿಂದಲೂ ಸರ್ಕಾರದ ವಿಷಯ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಮಾರ್ಟಿನಿ-ಹೆನ್ರಿ ಕೋವಿಗಳು .577/450. ಅವು ಅಲ್ಲಲ್ಲಿ ಜನರ ಕೈ ಸೇರಿದ್ದವು. ಸಾಹೇಬರ ಶಿಕಾರಿ ಕೋವಿಯ .450 ಗುಂಡು ಅದಕ್ಕೆ ಸಿಕ್ಕಿಬಿಟ್ಟರೆ ಅಂತ ಹೆದರಿ 1907ರ ಹೊತ್ತಿಗೆ ಇಂಡಿಯಾ ಮತ್ತು ಸುಡಾನಿಗೆ .450 ತರುವುದನ್ನೇ ನಿಲ್ಲಿಸಿದರು. ಲಂಡನ್ನಿನ ಕೋವಿ ತಯಾರಕರು ಸುಮ್ಮನೆ ಕೂರುತ್ತಾರಾ? .465, .470 ಅಂತ ಕೂದಲೆಳೆ ದಪ್ಪ ಮಾಡಿ ಹೊಸ ತೋಟಾ ಬಿಟ್ಟರು. ಆನೆ ಹುಲಿ ಹೊಡೆಯುವವರ ದೊಡ್ಡ ಹೆಸರಿನ .470 ಹುಟ್ಟಿದ್ದೇ ಈ ನಿಷೇಧದಿಂದ. ಆನೆಗೇನು ಗೊತ್ತು.

ಇವತ್ತಿಗೂ ಇಲ್ಲಿ .303 ನಿಷೇಧಿತ ಬೋರು. ಅದಕ್ಕೇ ಇಶಾಪುರದ ಸರ್ಕಾರಿ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ .315 ಹಾಕಿ ಜನಸಾಮಾನ್ಯರಿಗೆ ಕೊಟ್ಟಿತು. ಆ .315 ತೋಟಾ ಮೂಲದಲ್ಲಿ ಆಸ್ಟ್ರಿಯಾದ 8 ಮಿಲಿಮೀಟರ್ ಮನ್ಲಿಕರ್.

ನಮ್ಮ ಮನೆಯಲ್ಲಿ ತಾತನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಸದ್ಯಕ್ಕೆ 2029ರವರೆಗೆ. ಹಾಗಂತ ನಳಿಗೆ ಕೊರೆಸುವುದು, ಬದಲಾಯಿಸುವುದು ಅಂದರೆ ಅದು ಲೈಸೆನ್ಸ್ ಇರುವ ಕಾರ್ಖಾನೆಯ ಕೆಲಸ, ಕಾಗದಪತ್ರ ಬೇಕು. ಓದುತ್ತಿರುವ ಊರಿನ ಹುಡುಗರು ಇದನ್ನು ನೋಡಿ ಲೇತ್ ಅಂಗಡಿಗೆ ಹೊರಡಬೇಡಿ. ಜೈಲಿಗೆ ಹೋಗುತ್ತೀರಿ.

ಮೊನ್ನೆ ಕೈಲ್‌ಪೊಳ್ದ್ ಹಬ್ಬಕ್ಕೆ ನಮ್ಮ ಕೋವಿಯ ನಳಿಗೆಯ ತುದಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡಿದೆವು. ಅದರಲ್ಲಿ ಈಡು ಹೊಡೆದು ನಲವತ್ತು ವರ್ಷ ಆಯಿತು. ಹಳೇದೇ ಚಂದ ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ.

ಸುಮ್ನೆ_ಓದುವವಳು

ತೋಕ್‌ಪೂ ಅಂದರೆ ಗೌರಿ ಹೂವೇ ಅಲ್ವಾ? ಕೆಂಪು ಹಳದಿ, ಬೆಂಕಿ ನಾಲಿಗೆ ಥರ?

ಕೊಡಗಿನ_ಕೋವಿ

ಅದೇ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು.

ಒಹಾಯೋ_ಹಾಸನ

ಮಾವ, ನೀವು ಹೇಳಿದ್ದೆಲ್ಲ ಮಾಡಿದೆ. ಟೀ ಎರಡು ಸಲ ಕುಡಿದೆ.

ಸೀಸದ ಗುಂಡು ತಳ್ಳಿದರೆ ಮೊದಲ ಆರು ಇಂಚು ಬಿಗಿ. ನಡುವೆ ಒಂದು ಕಡೆ ಕೈ ಜಾರಿದ ಹಾಗೆ ಸಡಿಲ. ಮುಂದಿನ ತುದಿಯ ಎರಡು ಇಂಚು ಪೂರ್ತಿ ಸವೆದಿದೆ. ಕಡ್ಡಿ ಹಾಕಿ ಮುಂದಿನಿಂದ ಉಜ್ಜಿ ಉಜ್ಜಿ ಹಾಳು ಮಾಡಿದ್ದಾರೆ. ಗುಂಡು ತಿರುಗಿಸಲು ನಳಿಗೆಯೊಳಗೆ ಕೊರೆದ ತೋಡಿನ ಅಳತೆ .3215. ಗುಳಿಗಳು ನಳಿಗೆಯ ಉದ್ದಕ್ಕೂ ಇವೆ, ಆದರೆ ಚೇಂಬರಿನ ಹಿಂಭಾಗ ಅಚ್ಚು ತೆಗೆದರೆ ನಯವಾಗಿದೆ. ಬ್ಲಾಕ್ ಅಲ್ಲಾಡಲ್ಲ. ಪಿನ್ನಿನ ತೂತು ಮಾತ್ರ ಮಂಜ ಹೇಳಿದಂಥದ್ದೇ, ದೊಡ್ಡದು.

ಲೇತ್_ಮಾವ

ಚೇಂಬರಿನ ಹಿಂಭಾಗ ನಯ ಅಂದೆಯಲ್ಲ, ಅದೇ ದೊಡ್ಡ ಸುದ್ದಿ. ಹೇಗೆ ಅಂತ ಕೇಳು.

.32-40 ತೋಟಾ ಬುಡದಿಂದ ಬಾಯಿಗೆ ಸಣ್ಣಗಾಗುತ್ತಾ ಹೋಗುತ್ತದೆ, ಮೆಹಂದಿ ಕೋನಿನ ಹಾಗೆ. .38-55 ಸಣ್ಣಗಾಗುವುದು ಕಡಿಮೆ. ಬುಡ ಎರಡಕ್ಕೂ ಒಂದೇ. ಹಾಗಾಗಿ ರೀಮರ್ (ಚೇಂಬರ್ ಕಡಿಯುವ ಉಪಕರಣ) ಹಾಕಿದಾಗ ಚೇಂಬರಿನ ಮುಂಭಾಗ ಪೂರ್ತಿ ಹೊಸದಾಗಿ ಕಡಿಯುತ್ತದೆ, ಹಿಂಭಾಗಕ್ಕೆ ತಾಗುವುದೇ ಇಲ್ಲ. ಅಲ್ಲಿ ಗುಳಿ ಇದ್ದಿದ್ದರೆ ನಳಿಗೆಯನ್ನು ಒಂದು ಸುತ್ತು ಹಿಂದಕ್ಕೆ ಕೂರಿಸಬೇಕಿತ್ತು. ಇದರ ಮರೆ (ಸ್ಕ್ರೂ ಥ್ರೆಡ್) ಇಂಚಿಗೆ 16, ಒಂದು ಸುತ್ತು ಅಂದರೆ ಇಂಚಿನ ಹದಿನಾರನೇ ಒಂದು ಭಾಗ. ಆಮೇಲೆ ಎಕ್ಸ್‌ಟ್ರಾಕ್ಟರ್ ಕೂರುವ ಸಂದು, ಮುಂದಿನ ಮರ, ಎಲ್ಲ ಸರಿಮಾಡುತ್ತಾ ಕೂರಬೇಕು. ನಿನಗೆ ಆ ತಲೆನೋವಿಲ್ಲ.

ನಳಿಗೆಯ ಲೆಕ್ಕ: ಈಗಿನ ಒಳ ವ್ಯಾಸ ಹೆಚ್ಚು ಕಡಿಮೆ .313. .38-55ಕ್ಕೆ .368 ಬೇಕು. ಅಂದರೆ ಪ್ರತಿ ಬದಿಗೆ 0.7 ಮಿಲಿಮೀಟರ್ ಲೋಹ ಹೋಗುತ್ತದೆ. ಗುಳಿ ಅಷ್ಟು ಆಳ ಇರುವುದು ಅಪರೂಪ. ಎಂಟು ಮೂಲೆಯ ನಳಿಗೆಗೆ ಮಾಂಸ ಧಾರಾಳ. ಅಂಚಿನ ಅಳತೆ ಎರಡೂ ತೋಟಾಕ್ಕೆ ಒಂದೇ, .506. ಎಕ್ಸ್‌ಟ್ರಾಕ್ಟರ್ ಹಾಗೇ ಇರಲಿ. ಬ್ಲಾಕಿಗೆ ಬುಷ್ ಹಾಕಿಸಿದರೆ ಮುಗಿಯಿತು. ಅದೇ ನಳಿಗೆ, ಅದೇ ಮರ, ಅದೇ ಯಂತ್ರ.

ಬದಲಾಯಿಸುವುದು ಕಡಿಮೆ ಇದ್ದಷ್ಟೂ ಕೆಡುವುದು ಕಡಿಮೆ. ನನ್ನ ಓಟು .38-55.

ತುಂಗಾ_ಟೆಕ್ಸಾಸ್

ಮಾವ, ಒಳಗೆ ಕೊಳವೆ ಹಾಕಿಸಿದರೂ ಇದೆಲ್ಲ ಹಾಗೇ ಇರುತ್ತಲ್ಲ? ಎಕ್ಸ್‌ಟ್ರಾಕ್ಟರ್ ಅದೇ, ಮೇಲಿನ .32-40 ಗುರುತೂ ಸುಳ್ಳಾಗಲ್ಲ.

ಲೇತ್_ಮಾವ

ನಿಜ ತಾಯಿ. ಚೆನ್ನಾಗಿ ಮಾಡಿದ ಕೊಳವೆ ನೂರು ವರ್ಷ ಬರುತ್ತದೆ. ಅದಕ್ಕೆ ನನ್ನ ತಕರಾರು ಇಲ್ಲ. ಮೂವತ್ತು ಇಂಚು ಉದ್ದಕ್ಕೆ ಡ್ರಿಲ್ ನೇರ ಹೋಗಬೇಕು, ಅಂಟು ಎಲ್ಲೂ ಬಿಟ್ಟಿರಬಾರದು. ಮಾಡುವವನ ಕೈ ನೋಡಿ ಕೊಡಬೇಕು ಅಷ್ಟೇ.

ಒಹಾಯೋ_ಹಾಸನ

ಇಲ್ಲಿಯವರೆಗೆ ನಾನು ಒಂದು ವಿಷಯ ಹೇಳಿರಲೇ ಇಲ್ಲ, ತಪ್ಪಾಯಿತು. ಜಿಂಕೆ.

ಒಹಾಯೋದಲ್ಲಿ ಮೊದಲು ಜಿಂಕೆಗೆ ಹೆಚ್ಚಾಗಿ ಶಾಟ್‌ಗನ್, ತೋಟಾ ಹಾಕುವ ರೈಫಲ್ ಬಿಡುತ್ತಿರಲಿಲ್ಲ. ಬಯಲು ಸೀಮೆ, ಹೊಲದ ಪಕ್ಕದಲ್ಲೇ ಮನೆಗಳು. 2014ರಿಂದ ನೇರ ಮೈಯ ತೋಟಾ ಇರುವ ರೈಫಲ್‌ಗೆ ಒಪ್ಪಿಗೆ ಕೊಟ್ಟರು. ಬಾಟಲಿ ಕತ್ತಿನ ತೋಟಾ ಈಗಲೂ ಇಲ್ಲ. ದಪ್ಪ .357ರಿಂದ .50ರೊಳಗೆ ಇರಬೇಕು. ಅಂದರೆ .223 ಹೋಯಿತು, .30-30ಯೂ ಹೋಯಿತು. ತುಂಗಾ ಅವರೇ, ನಿಮ್ಮ ಪ್ರೀತಿಯ .32-40ಯೂ ಹೋಯಿತು. .38-55 ನಡೆಯುತ್ತೆ. ಒಟ್ಟು ಮೂರಕ್ಕಿಂತ ಜಾಸ್ತಿ ತೋಟಾ ತುಂಬಬಾರದು ಅನ್ನೋ ನಿಯಮವೂ ಇದೆ. ನನಗೆ ಆ ಚಿಂತೆ ಇಲ್ಲ.

ತುಂಗಾ_ಟೆಕ್ಸಾಸ್

ಅಯ್ಯೋ, ಇದನ್ನ ಮೊದಲನೇ ಸಾಲಲ್ಲೇ ಹೇಳಬಾರದಿತ್ತಾ! ಹುಡುಗಿ ನೋಡಿ, ಜಾತಕ ನೋಡಿ, ಊಟ ಎಲ್ಲ ಆದ ಮೇಲೆ ಸಗೋತ್ರ ಅಂದ ಹಾಗಾಯ್ತು. .38-55 ಹಾಕಿಸಿ.

ಹಳೇದೇ_ಚಂದ

ಆ ಅಜ್ಜನ ತಾತನೂ ಜಿಂಕೆ ಹೊಡೆಯೋಕೇ ಕೊಂಡಿರಬೇಕು. ಸರಿ, ಬಿಡಿ. ಆದರೆ ಹೊರಗಡೆ ಪಾಲಿಶ್ ಮಾಡಿಸಿ ಹೊಸ ಬಣ್ಣ ಕುಡಿಸಬೇಡಿ, ಕೈ ಮುಗಿಯುತ್ತೇನೆ.

ಹೊಸ_ವೀಸಾ

ನನಗೂ ಇಂಥದ್ದೊಂದು ಬೇಕು ಅನಿಸುತ್ತಿದೆ. ಎಚ್-1ಬಿಯಲ್ಲಿದ್ದೇನೆ. ಕೊಳ್ಳಬಹುದಾ?

ಮೊಂಟಾನಾ_ಮಂಜ

ಹುಷಾರು ತಮ್ಮ. ಅಲ್ಲಿ ಇಲ್ಲಿ ಕೇಳಿ ಕೊಳ್ಳಬೇಡ. ನಾನ್-ಇಮಿಗ್ರಂಟ್ ವೀಸಾದಲ್ಲಿ ಇರುವವರು ಕೋವಿ ಇರಲಿ, ಒಂದು ತೋಟಾ ಇಟ್ಟುಕೊಂಡರೂ ಫೆಡರಲ್ ಅಪರಾಧ. ಮಾನ್ಯ ಹಂಟಿಂಗ್ ಲೈಸೆನ್ಸ್ ಇರುವವರಿಗೆ ಒಂದು ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದರೆ ಈ ತಡೆ ಇಲ್ಲ. ವಕೀಲರನ್ನು ಕೇಳಿಯೇ ಮುಂದೆ ಹೋಗು. ಒಂದು ಹಳೇ ಕಬ್ಬಿಣಕ್ಕೆ ವೀಸಾ ಕಳೆದುಕೊಳ್ಳಬೇಡ.

ಹಾಸನದವರಿಗೆ ಒಂದು ಮಾತು. .38-55 ಆದ ಮೇಲೆ .375 ವಿಂಚೆಸ್ಟರ್ ತೋಟಾ ಮನೆಯೊಳಕ್ಕೇ ತರಬೇಡಿ. 1978ರಲ್ಲಿ ಬಂದದ್ದು. ನೋಡಲು ಅಣ್ಣ ತಮ್ಮ. ನಿಮ್ಮ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತೆ. ಒತ್ತಡ ಮಾತ್ರ 52,000. ನಿಮ್ಮ ಕೋವಿಯ ಲೆಕ್ಕ 30,000.

ವೇಗದ_ವೆಂಕ

ಕೂರುತ್ತೆ ಅಂದ್ರೆ ಹೊಡೆಯಬಹುದು ಅಂದುಕೊಳ್ಳೋರು ಇದ್ದಾರೆ. ನಾನೇ ಅಂದುಕೊಳ್ತಿದ್ದೆ.

ಒಹಾಯೋ_ಹಾಸನ

ಏಳು ತಿಂಗಳ ಮೇಲೆ ಬಂದೆ. ಕ್ಷಮಿಸಿ. ಕೊರೆಯುವವರ ಹತ್ತಿರ ಸರದಿ ಅಷ್ಟಿತ್ತು.

ನಳಿಗೆ ಬಂತು. ತೋಡು .377, ತಿರುಪು 18 ಇಂಚಿಗೆ ಒಂದು ಸುತ್ತು. ಲೈಟು ಬಿಟ್ಟು ನೋಡಿದರೆ ಒಳಗೆ ಹೊಸ ಸ್ಟೀಲ್ ಲೋಟದ ಹೊಳಪು. ಹೊರಗೆ ಅದೇ ಕಂದು, ಅಜ್ಜನ ಮೊಳೆ ಉಜ್ಜಿದ ಎರಡು ಗುರುತು ಹಾಗೇ ಇವೆ. ಬ್ಲಾಕಿಗೆ ಬುಷ್ ಹಾಕಿದ್ದಾರೆ, ಪಿನ್ನು ಸಣ್ಣದಾಗಿದೆ.

ಅಂಗಡಿಯ ತೋಟಾ ಮೊದಲು ತಂದೆ. ಗುಂಡು .375 ಇತ್ತು, ನಳಿಗೆಗೆ ಸಡಿಲ. ನೂರು ಗಜಕ್ಕೆ ಐದು ಇಂಚು ಚೆಲ್ಲಾಪಿಲ್ಲಿ. ಎದೆ ಧಸಕ್ ಅಂದಿತು. ಆಮೇಲೆ ಸೀಸಕ್ಕೆ ತವರ ಇಪ್ಪತ್ತಕ್ಕೆ ಒಂದು ಬೆರೆಸಿ ನಾನೇ 255 ಗ್ರೇನ್ ಗುಂಡು ಎರಕ ಹೊಯ್ದೆ, .378ಕ್ಕೆ ಅಳತೆ ಮಾಡಿ. ಅದೇ ನೂರು ಗಜ, ಐದು ಗುಂಡು, ಒಂದೂ ಕಾಲು ಇಂಚು. ಒದೆ ಇದೆ ಅನ್ನುವಷ್ಟೂ ಇಲ್ಲ, ಮೆಲ್ಲಗೆ ಭುಜ ತಳ್ಳುತ್ತೆ.

ತುಂಗಾ_ಟೆಕ್ಸಾಸ್

ಗುಂಡು ತೋಡಿಗಿಂತ ಕೂದಲೆಳೆ ದಪ್ಪ ಇರಬೇಕು, ಅಷ್ಟೇ ಗುಟ್ಟು. ಒಂದೂ ಕಾಲು ಇಂಚು ಅಂದ್ರೆ ನನಗೆ ಹೊಟ್ಟೆ ಉರಿ.

ಲೇತ್_ಮಾವ

ಮೇಲಿನ .32-40 ಗುರುತು ಏನು ಮಾಡಿದೆ?

ಒಹಾಯೋ_ಹಾಸನ

ಅದರ ಬಗ್ಗೆಯೇ ಕೇಳಬೇಕು ಅಂತಿದ್ದೆ. ಕೊರೆದವರು ಮರದ ಕೆಳಗೆ, ಕಾಣದ ಹಾಗೆ .38-55 ಅಂತ ಹಾಕಿಕೊಟ್ಟಿದ್ದಾರೆ. ಮೇಲಿನದು ಹಾಗೇ ಇದೆ.

ಹಳೇದೇ_ಚಂದ

ಹಾಗೇ ಇರಲಿ. ನೋಡಲು ಚಂದ.

ಲೇತ್_ಮಾವ

ಇಲ್ಲ. ಮೂವತ್ತು ವರ್ಷದ ಮೇಲೆ ಇದು ಇನ್ಯಾರದೋ ಕೈಲಿರುತ್ತದೆ. ಅವನು ಮೇಲಿನದನ್ನು ಓದಿ .32-40 ತೋಟಾ ತರುತ್ತಾನೆ. ಬುಡ ಒಂದೇ, ಕೂರುತ್ತದೆ. ಗುಂಡು ನಳಿಗೆಯಲ್ಲಿ ಡಬ್ಬದಲ್ಲಿನ ಕಲ್ಲಿನ ಹಾಗೆ ಲಟಪಟ ಹೋಗುತ್ತದೆ, ಹಿತ್ತಾಳೆ ಸೀಳುತ್ತದೆ. ಮರ ಬಿಚ್ಚಿ ಯಾರು ನೋಡುತ್ತಾರೆ? ಹಳೇದನ್ನು ಅಳಿಸಬೇಡ. ಪಕ್ಕದಲ್ಲೇ ಕಾಣುವ ಹಾಗೆ ಹೊಸದನ್ನು ಹಾಕಿಸು.

ಹಳೇದೇ_ಚಂದ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಾಕಿಸಿ. ಅಕ್ಷರ ಹಳೇದರಷ್ಟೇ ದೊಡ್ಡದಿರಲಿ, ಸಾಲು ನೇರ ಇರಲಿ.

ಒಹಾಯೋ_ಹಾಸನ

ಹಾಕಿಸಿದೆ. ಹಳೇದರ ಮೇಲೆ ಅಡ್ಡ ಒಂದು ತೆಳು ಗೀಟು, ಪಕ್ಕದಲ್ಲಿ .38-55. ಎರಡು ಐದೂ ಸರಿಯಾಗಿ ಬಿದ್ದವು. ಎಂಟರ ಅಂಕಿ ಮಾತ್ರ ಒಂದು ಕೂದಲೆಳೆ ಎಡಕ್ಕೆ ವಾಲಿದೆ.

ಥ್ಯಾಂಕ್ಸ್‌ಗಿವಿಂಗ್ ಆದ ಸೋಮವಾರ ಸೀಸನ್ ಶುರು. ಅಜ್ಜನಿಗೆ ಫೋಟೋ ಕಳಿಸಿದ್ದೆ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಲಿವರ್ ಈಗಲೂ ಟಕ್ ಅನ್ನುತ್ತಾ?" ಫೋನಿನ ಹತ್ತಿರ ಹಿಡಿದು ಕೇಳಿಸಿದೆ.